ಐದು ಪೆಟ್ಟಿಗೆಗಳೂ ಒಂದು ಮಾತೂ

ರಬಕವಿ-ಬನಹಟ್ಟಿಗೆ ಹೊಸದಾಗಿ ಬಂದವರಿಗೆ ಊರಿನ ಪರಿಚಯವು ಕಣ್ಣಿಗಿಂತ ಮೊದಲು ಕಿವಿಗಾಗುತ್ತದೆ. ಓಣಿಯ ತಲೆಬಾಗಿಲಿನಿಂದಲೇ ವಿದ್ಯುತ್ ಮಗ್ಗಗಳ ಸಪ್ಪಳ ಎದುರುಗೊಳ್ಳುತ್ತದೆ. ಇಲ್ಲಿ ಹುಟ್ಟಿ ಬೆಳೆದ ನಮಗೆ ಅದು ಕೇಳಿಸುವುದೇ ಇಲ್ಲ. ಕರೆಂಟು ಹೋದಾಗ ಮಾತ್ರ ಇಡೀ ಓಣಿ ಒಮ್ಮೆಲೆ ಸುಮ್ಮನಾಗುತ್ತದೆ. ಆಗ ಎದುರು ಕುಳಿತವರ ಕೂಡ ನಾವು ಎಷ್ಟು ಒದರಿ ಮಾತಾಡುತ್ತಿದ್ದೆವೆಂಬುದು ನಮಗೇ ತಿಳಿದು ನಗೆ ಬರುತ್ತದೆ.

ಈ ಊರಿನ ನೇಕಾರರ ಮನೆಗಳಲ್ಲಿ ಇತ್ತಿತ್ತಲಾಗಿ ಇನ್ನೊಂದು ಸಪ್ಪಳ ಬಂದು ಕುಳಿತಿದೆ. ಮಾಳಿಗೆಯ ಮೇಲೆ ಆಗ್ನೇಯಕ್ಕೆ ಮುಖ ಮಾಡಿದ ತಾಟು, ಕೆಳಗೆ ಅಂಗೈಯಗಲದ ಡಿಶ್ ಪೆಟ್ಟಿಗೆ, ಅದರ ಮಗ್ಗುಲಿಗೆ ಆಂಪ್ಲಿಫಾಯರು, ಅದಕ್ಕೆ ಐದು ಸ್ಪೀಕರ್ ಪೆಟ್ಟಿಗೆಗಳು ಮತ್ತು ನೆಲ ನಡುಗಿಸುವ ಒಂದು ದೊಡ್ಡ ಡಬ್ಬಿ. ಜಮಖಂಡಿಯ ಪೇಟೆಯಲ್ಲಿ, ಮುಧೋಳದ ಸಂತೆಯ ಹಾದಿಯಲ್ಲಿ, ಬೀಳಗಿ ತಾಲೂಕಿನ ಪುನರ್ವಸತಿ ಊರುಗಳ ಹೊಸ ಮನೆಗಳಲ್ಲಿ ಎಲ್ಲೆಲ್ಲಿಯೂ ಇದೇ ನೋಟ. ಇದಕ್ಕೆ ‘ಸರೌಂಡ್ ಸೌಂಡ್’ ಎಂದು ಹೆಸರು. ಸುತ್ತುವರಿಯುವ ಧ್ವನಿ ಎಂದು ಅರ್ಥ. ಧ್ವನಿಯೇನೋ ನಮ್ಮನ್ನು ಸುತ್ತುವರಿಯಿತು. ಮಾತು ಮಾತ್ರ ಎಲ್ಲಿಯೋ ತಪ್ಪಿಸಿಕೊಂಡಿದೆಯೆಂಬುದು ನನ್ನ ತಕರಾರು.

ಈ ತಕರಾರನ್ನು ನಾನು ಕಟ್ಟಿಕೊಂಡು ಬಂದವನಲ್ಲ. ಅದು ನಮ್ಮ ಮುತ್ಯಾನದು. ನಲವತ್ತು ವರ್ಷ ಮಗ್ಗದ ಮುಂದೆ ನಿಂತ ಜೀವ. ಸಂಜೆ ಏಳಕ್ಕೆ ವಾರ್ತೆ ಕೇಳದೆ ಊಟಕ್ಕೆ ಏಳುವವನಲ್ಲ. ಹೊಸ ಪೆಟ್ಟಿಗೆಗಳು ಮನೆಗೆ ಬಂದ ದಿನ ಎಲ್ಲರೂ ಹಿಗ್ಗಿದರು. ಅವನೊಬ್ಬನೇ ಮೋರೆ ಸಣ್ಣದು ಮಾಡಿಕೊಂಡು ಕುಳಿತ. “ಯಾಕ ಮುತ್ಯಾ, ಕೇಳಸ್ವಲ್ತೇನು?” ಎಂದರೆ, “ಧ್ವನಿ ಕೇಳಸ್ತೈತೋ ತಮ್ಮಾ. ಮಾತು ತಿಳೀವಲ್ದು” ಎಂದ. ನಾವು ಧ್ವನಿಯನ್ನು ಇನ್ನಷ್ಟು ಏರಿಸಿದೆವು. ಅವನು ಕಿವಿ ಮುಚ್ಚಿಕೊಂಡು ಹೊರಗೆ ಕಟ್ಟೆಗೆ ಹೋಗಿ ಕುಳಿತ. ಆ ರಾತ್ರಿ ಸುದ್ದಿಯಲ್ಲಿ ನೇಕಾರರ ಸಾಲದ ಮಾತು ಬಂದಿತ್ತು. ಕಟ್ಟೆಯ ಮೇಲಿನ ಗೆಳೆಯರಿಗೆ ಅವನು ಹೇಳಿದ್ದು ಹಾಲಿನ ಸುದ್ದಿ! ‘ಸಾಲ’ ಎಂದದ್ದು ಅವನ ಕಿವಿಗೆ ‘ಹಾಲ’ ಎಂದು ಬಿದ್ದಿತ್ತು. ನಾವು ನಕ್ಕೆವು. ಆಮೇಲೆ ನನಗೆ ನಗೆ ಬರಲಿಲ್ಲ. ಸಾಲದ ಸುದ್ದಿ ಸಾಲಗಾರನಿಗೇ ತಲುಪದೆ ಹೋದರೆ ಅಷ್ಟೆಲ್ಲ ಪೆಟ್ಟಿಗೆಗಳಿಗೆ ಹಣ ಸುರಿದು ಏನು ಬಂತು?

ತಂತಿ-ತಗಡುಗಳ ವಿಷಯ ವಿಜ್ಞಾನದ ವಿದ್ಯಾರ್ಥಿಗಳದು, ಕಲಾ ವಿಭಾಗದವರಿಗೆ ಇದೇಕೆ ಎಂದು ನಮ್ಮ ವಾಚಕರಲ್ಲಿ ಕೆಲವರು ಹುಬ್ಬೇರಿಸಬಹುದು. ನಾವು ಓದುವುದು ಭಾಷೆಯನ್ನು. ಆಡಿದ ಮಾತು ಕೇಳುವವನ ಕಿವಿಗೆ ಮಾತಾಗಿಯೇ ತಲುಪುವುದು ಭಾಷೆಯ ಮೊದಲನೆಯ ಕೆಲಸ. ಅಲಂಕಾರ, ಛಂದಸ್ಸು ಎಲ್ಲ ಆಮೇಲಿನವು. ರನ್ನ ಕವಿ ಹುಟ್ಟಿದ ಮುಧೋಳ ನಮ್ಮ ಮಗ್ಗುಲಲ್ಲಿದೆ. ಗದಾಯುದ್ಧದ ಭೀಮ-ದುರ್ಯೋಧನರ ಮಾತಿನ ಸೊಗಸನ್ನು ನಾವು ತರಗತಿಯಲ್ಲಿ ವಿವರಿಸುತ್ತ ಕೂಡ್ರುವಾಗ, ಮನೆಯಲ್ಲಿ ಮುದುಕನೊಬ್ಬನಿಗೆ ವಾರ್ತೆಯ ಒಂದು ಸಾಲು ತಿಳಿಯದಿದ್ದರೆ ಅದು ನಮ್ಮ ವಿಷಯವಲ್ಲವೆಂದು ಹೇಗೆ ಅನ್ನುವುದು?

ಮೊದಲು ಕಿವಿಯ ಮಾತು. ಲಾಳಿ ಹೊಡೆಯುವ ವಿದ್ಯುತ್ ಮಗ್ಗಗಳ ಶೆಡ್ಡಿನಲ್ಲಿ ಸಪ್ಪಳವು ಸಾಮಾನ್ಯವಾಗಿ 95 ಡೆಸಿಬಲ್ಲಿಗೂ ಮೇಲೆ ಇರುತ್ತದೆ. ನಮ್ಮ ದೇಶದ ಕಾರ್ಖಾನೆಗಳ ನಿಯಮಗಳು ದಿನಕ್ಕೆ 8 ಗಂಟೆಯ ದುಡಿತಕ್ಕೆ ಹಾಕಿದ ಮಿತಿ 90 ಡೆಸಿಬಲ್. ಈ ಅಳತೆ ಜವಳಿಯ ಮೊಳ-ಗೇಣಿನಂತಲ್ಲ. ಮೂರು ಡೆಸಿಬಲ್ ಏರಿದರೆ ಧ್ವನಿಯ ಶಕ್ತಿ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ, ಹತ್ತು ಏರಿದರೆ ಹತ್ತು ಪಟ್ಟು. ಇಂಥ ಸಪ್ಪಳದಲ್ಲಿ ವರ್ಷಗಟ್ಟಲೆ ನಿಂತವನ ಒಳಕಿವಿಯ ಸೂಕ್ಷ್ಮ ರೋಮಕೋಶಗಳು ಸವೆದು ಸಾಯುತ್ತವೆ. ಸತ್ತವು ಮತ್ತೆ ಹುಟ್ಟುವುದಿಲ್ಲ. ಅವು ಸಾಯುವುದಕ್ಕೂ ಒಂದು ಕ್ರಮವಿದೆ. ಮೊದಲು ಹೋಗುವುದು ಸೆಕೆಂಡಿಗೆ 4000 ಕಂಪನಗಳ ಆಸುಪಾಸಿನ ತೀಕ್ಷ್ಣ ಧ್ವನಿಗಳನ್ನು ಹಿಡಿಯುವ ಕೋಶಗಳು. ತಗ್ಗಿನ ಧ್ವನಿಗಳು ಬಹುಕಾಲ ಉಳಿದಿರುತ್ತವೆ.

ಇದರ ಫಲವೇನೆಂಬುದನ್ನು ವ್ಯಾಕರಣ ಬಲ್ಲವರು ಕೂಡಲೆ ಊಹಿಸಿಯಾರು. ಸ್ವರಗಳೆಲ್ಲ ತಗ್ಗಿನವು, ಅವು ಕೇಳಿಸುತ್ತವೆ. ಸ, ಶ, ತ, ಕ, ಚ ಮೊದಲಾದ ವ್ಯಂಜನಗಳ ಗುರುತು ತೀಕ್ಷ್ಣ ಭಾಗದಲ್ಲಿರುತ್ತದೆ, ಅದು ಅಳಿಸಿಹೋಗುತ್ತದೆ. ಬಳ್ಳಿ ಉಳಿದು ಹೂವು ಉದುರಿದಂತೆ! ಆದುದರಿಂದಲೇ ಮುತ್ಯಾನ ಉತ್ತರ ಅಕ್ಷರಶಃ ನಿಜ. ಅವನಿಗೆ ಧ್ವನಿ ಬೇಕಾದಷ್ಟು ಕೇಳಿಸುತ್ತದೆ, ಮಾತೇ ತಿಳಿಯುವುದಿಲ್ಲ. ಇಂಥವನ ಮುಂದೆ ನಾವು ಹಿನ್ನೆಲೆ ಸಂಗೀತವನ್ನೂ ಗುಡುಗನ್ನೂ ಮಾತನ್ನೂ ಕಲಸಿ, ಎಲ್ಲವನ್ನೂ ಸಮಸಮನಾಗಿ ಏರಿಸಿ, ‘ಈಗ ಕೇಳಿಸಿತೇ?’ ಎನ್ನುತ್ತೇವೆ. ಗುಡುಗು ಕೇಳಿಸುತ್ತದೆ.

ಸಪ್ಪಳದಿಂದ ಬಂದ ಕಿವುಡು ಕಾರ್ಖಾನೆಗಳ ಕಾಯದೆಯ ರೋಗಗಳ ಪಟ್ಟಿಯಲ್ಲಿ ಸೇರಿತ್ತು. ಆದರೆ ಮನೆಯೊಳಗೆ ಎರಡೋ ನಾಲ್ಕೋ ಮಗ್ಗ ಹಾಕಿಕೊಂಡವನ ಮನೆ ಕಾರ್ಖಾನೆಯೆಂದು ಯಾರ ಲೆಕ್ಕಕ್ಕೂ ಬಂದದ್ದಲ್ಲ. ಅದರೊಳಗೆ ಅವನ ಹೆಂಡತಿಯೂ ಕಂಡಿಕೆ ಸುತ್ತುತ್ತಾಳೆ, ತೊಟ್ಟಿಲ ಕೂಸೂ ಮಲಗಿರುತ್ತದೆ. ಈ ಮಾತನ್ನು ಬೆಳೆಸಿದರೆ ಬೇರೆಯೇ ಒಂದು ಲೇಖನವಾದೀತು, ಇಲ್ಲಿಗೆ ಬಿಡುತ್ತೇನೆ.

ಇನ್ನು ಆಕಾಶದಿಂದ ಬರುವ ಧ್ವನಿಯ ಮಾತು. ಉಪಗ್ರಹದ ಟಿ.ವಿ. ನಮ್ಮ ಸೀಮೆಗೆ ನಿನ್ನೆ ಮೊನ್ನೆ ಬಂದದ್ದಲ್ಲ. 1975ರ ಆಗಸ್ಟ್ 1ರಿಂದ ಒಂದು ವರ್ಷ ಕಾಲ ಅಮೇರಿಕೆಯ ಎ.ಟಿ.ಎಸ್.-6 ಎಂಬ ಉಪಗ್ರಹವನ್ನು ಎರವಲು ಪಡೆದು ದೇಶದ 6 ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಶಿಕ್ಷಣದ ಕಾರ್ಯಕ್ರಮಗಳನ್ನು ಕಳಿಸಿದರು. ಕರ್ನಾಟಕದಲ್ಲಿ ಅದಕ್ಕೆ ಆರಿಸಿದ್ದು ಆಗಿನ ವಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳನ್ನು. ಜಮಖಂಡಿ, ಮುಧೋಳ, ಬೀಳಗಿಗಳೆಲ್ಲ ಆ ಕಾಲಕ್ಕೆ ವಿಜಾಪುರ ಜಿಲ್ಲೆಯಲ್ಲಿಯೇ ಇದ್ದವು. ಬಾಗಲಕೋಟೆ ಜಿಲ್ಲೆಯಾದದ್ದು 1997ರಲ್ಲಿ. ಕೋಳಿಗೂಡಿನ ಜಾಳಿಗೆಯಂಥ ತಂತಿಯ ಬಲೆಯಿಂದ ಮಾಡಿದ ಹತ್ತು ಅಡಿಯ ತಾಟು, ಹಳ್ಳಿಗೊಂದು ಟಿ.ವಿ., ಅದಕ್ಕೊಂದೇ ಬಾಯಿ. ಒಂದು ಚಿತ್ರದ ಕೂಡ ಎರಡು ಧ್ವನಿಗಳನ್ನು ಕಳಿಸುವ ಏರ್ಪಾಡು ಅದರಲ್ಲಿತ್ತು. ಇಂದಿನ ಪೆಟ್ಟಿಗೆಗಾದರೆ ಎರಡನೆಯ ಧ್ವನಿಯೆಂದರೆ ಎಡ ಮತ್ತು ಬಲ. ಅಂದಿನವರಿಗೆ ಅದು ಎರಡನೆಯ ಭಾಷೆ. ಒಂದೇ ಚಿತ್ರ ನೋಡುವ ಇಬ್ಬರು ತಮ್ಮ ತಮ್ಮ ಮಾತಿನಲ್ಲಿ ಅದನ್ನು ತಿಳಿಯಲೆಂದು. ನನ್ನ ಮಟ್ಟಿಗೆ ಇದು ಐದು ಪೆಟ್ಟಿಗೆಗಳಿಗಿಂತ ದೊಡ್ಡ ವಿಚಾರ.

ಈಗ ನಮ್ಮ ಮಾಳಿಗೆಗಳ ಮೇಲಿರುವ ತಾಟುಗಳಲ್ಲಿ ಎರಡು ಬಗೆ. 2004ರ ಡಿಸೆಂಬರದಲ್ಲಿ ದೂರದರ್ಶನದವರು ಆರಂಭಿಸಿದ, ತಿಂಗಳ ಬಾಡಿಗೆಯಿಲ್ಲದ ಫ್ರೀ ಡಿಶ್ ಒಂದು; ತಿಂಗಳಿಗಿಷ್ಟು ಎಂದು ಹಣ ಕಟ್ಟುವ ಖಾಸಗಿ ಕಂಪನಿಗಳದು ಇನ್ನೊಂದು. ಎರಡಕ್ಕೂ ಧ್ವನಿ ಬರುವುದು ಭೂಮಿಯಿಂದ ಸುಮಾರು 36 ಸಾವಿರ ಕಿಲೋಮೀಟರ್ ಮೇಲಿರುವ ಉಪಗ್ರಹದಿಂದ. ಮೇಲಕ್ಕೆ ಹೋಗಿ ಕೆಳಕ್ಕೆ ಬರುವುದರೊಳಗೆ ಕಾಲು ಸೆಕೆಂಡು ಕಳೆದಿರುತ್ತದೆ. ಆದರೆ ಫ್ರೀ ಡಿಶ್ಶಿನಲ್ಲಿ ಬರುವುದು ಸಾಮಾನ್ಯವಾಗಿ ಎರಡೇ ಕಾಲುವೆಯ ಧ್ವನಿ, ಎಡ ಮತ್ತು ಬಲ. ಖಾಸಗಿಯವರ ಎಚ್.ಡಿ. ಚಾನೆಲ್ಲುಗಳಲ್ಲಿ ಕೆಲವು ಮಾತ್ರ ‘ಡಾಲ್ಬಿ ಡಿಜಿಟಲ್’ ಎಂಬ ಕಟ್ಟಿನಲ್ಲಿ ಆರು ಕಾಲುವೆಗಳನ್ನು ಕಳಿಸುತ್ತವೆ: ಎದುರಿನ ಎಡ, ಬಲ, ನಡು, ಹಿಂದಿನ ಎಡ, ಬಲ, ಮತ್ತು ನೆಲ ನಡುಗಿಸುವ ಗುಡುಗಿಗೆಂದೇ ಒಂದು. ಅಂದಬಳಿಕ ಎರಡೇ ಕಾಲುವೆ ಬರುವ ಮನೆಗೆ ಐದು ಪೆಟ್ಟಿಗೆ ತಂದಿಟ್ಟು ‘ಸರೌಂಡ್’ ಎಂದರೆ, ಎರಡು ಸೇರು ಹಾಲನ್ನು ಐದು ಚರಿಗೆಗೆ ಹಂಚಿದಂತೆಯೇ ಸರಿ. ಚರಿಗೆ ಹೆಚ್ಚಾದವು, ಹಾಲು ಅಷ್ಟೇ.

ನಮ್ಮ ಮನೆಯದು ಎರಡನೆಯ ಬಗೆಯ ತಾಟು. ಆರು ಕಾಲುವೆಗೂ ನಾವು ತಿಂಗಳು ತಿಂಗಳು ಹಣ ಕಟ್ಟುತ್ತಿದ್ದೆವು. ಬಂದದ್ದು ಮಾತ್ರ ಬೇರೆ. ಪೆಟ್ಟಿಗೆಗಳನ್ನು ಮಾರಿದ ಅಂಗಡಿಯ ಹುಡುಗ ಜೋಡಿಸಿ ಹೋದ ರೀತಿಯನ್ನು ಹೇಳಿದರೆ ವಾಚಕರಲ್ಲಿ ಹಲವರು ತಮ್ಮ ತಮ್ಮ ಮನೆಯ ಗೋಡೆಯತ್ತ ನೋಡಿಯಾರು. ಟಿ.ವಿ.ಯ ಬೆನ್ನಿನ ಕೆಂಪು-ಬಿಳಿ ತೂತುಗಳಿಂದ ಒಂದು ವಾಯರು ಎಳೆದು ಆಂಪ್ಲಿಫಾಯರಿಗೆ ಸಿಕ್ಕಿಸಿದ. ಆಂಪ್ಲಿಫಾಯರಿನ ಮೇಲೆ ಒಂದು ಗುಂಡಿಯೊತ್ತಿದ. ಐದೂ ಪೆಟ್ಟಿಗೆಗಳು ಒಟ್ಟಿಗೆ ಒದರಿದವು. “ನೋಡ್ರಿ ಸಾಹೇಬ್ರ, ಥೇಟರ್ ಆತು!” ಎಂದ. ಇನ್ನು ನಡುವಿನ ಪೆಟ್ಟಿಗೆಯನ್ನು ಅವನು ಚಂದಕ್ಕೆಂದು ಬಾಗಿಲ ತಲೆಯ ಮೇಲೆ, ದೇವರ ಫೋಟೋದ ಸಾಲಿಗೆ ಏರಿಸಿದ. ಪಾಪ, ಅವನದೂ ತಪ್ಪಲ್ಲ. ಅವನಿಗೆ ಕಲಿಸಿದವರಾರು? ದಿನಕ್ಕೆ ಹತ್ತು ಮನೆ ಜೋಡಿಸಿದರೆ ಅವನಿಗೆ ಕೂಲಿ.

ಹೀಗೆ ಜೋಡಿಸಿದಾಗ ಆಗುವುದೇನೆಂದರೆ, ಎಡ-ಬಲದ ಎರಡು ಧ್ವನಿಗಳೇ ಐದೂ ಮೂಲೆಗಳಿಂದ ಮರುಕಳಿಸುತ್ತವೆ. ಮುಂದಿನ ಪೆಟ್ಟಿಗೆಯ ಮಾತು ಕಿವಿಗೆ ಬಿದ್ದ ಕೆಲವು ಮಿಲಿಸೆಕೆಂಡಿಗೆ ಹಿಂದಿನದರ ಅದೇ ಮಾತು ಬಂದು ಅದರ ಮೇಲೆ ಬೀಳುತ್ತದೆ. ಏಕೆಂದರೆ ಧ್ವನಿ ಒಂದು ಮಿಲಿಸೆಕೆಂಡಿಗೆ ಸುಮಾರು ಒಂದು ಅಡಿಯಷ್ಟೇ ನಡೆಯುತ್ತದೆ. ಎಳೆಯ ಕಿವಿ ಇದನ್ನು ಹೇಗೋ ಬಿಡಿಸಿಕೊಳ್ಳುತ್ತದೆ. ವ್ಯಂಜನಗಳನ್ನು ಕಳೆದುಕೊಂಡ ಕಿವಿ ಬಿಡಿಸಿಕೊಳ್ಳಲಾರದು. ಹೀಗಿರಲು ಮುತ್ಯಾ ಕಟ್ಟೆಗೆ ಹೋಗಿ ಕುಳಿತದ್ದರಲ್ಲಿ ಆಶ್ಚರ್ಯವೇನು?

ಡಿಶ್ ಪೆಟ್ಟಿಗೆಯ ಬೆನ್ನನ್ನು ನಾನು ಮೊದಲ ಸಲ ತಿರುಗಿಸಿ ನೋಡಿದ್ದು ಆ ಸಾಲ-ಹಾಲದ ರಾತ್ರಿಯ ಮರುದಿನ. ಅಲ್ಲಿ ಒಂದು ಚೌಕ ಕಿಂಡಿ, ಅದಕ್ಕೆ ಸಣ್ಣ ಕದ. ಕದ ಸರಿಸಿದರೆ ಒಳಗೆ ಕೆಂಪು ಬೆಳಕು! ಧ್ವನಿ ಬೆಳಕಾಗಿ ಹೊರಬರುವ ಆ ಕಿಂಡಿಗೆ ‘ಆಪ್ಟಿಕಲ್’ ಎಂದು ಹೆಸರು. ಜಪಾನಿನ ತೋಷಿಬಾ ಕಂಪನಿಯವರು 1983ರಲ್ಲಿ ಹೊರತಂದ ಯುಕ್ತಿಯಿದು. ಕೂದಲಿಗಿಂತ ಎಷ್ಟೋ ಪಟ್ಟು ದಪ್ಪನೆಯ ಪ್ಲಾಸ್ಟಿಕ್ ಎಳೆಯೊಂದರಲ್ಲಿ ಬೆಳಕು ಹೊತ್ತಿ ಆರಿ ಹೊತ್ತಿ ಆರಿ ಅಂಕೆಗಳನ್ನು ಸಾಗಿಸುತ್ತದೆ. ನೂಲು ಬಲ್ಲ ಊರಿನವರಾದ ನಮಗೆ ಎಳೆಯ ಮೇಲೆ ಇಷ್ಟು ಭಾರ ಹೊರಿಸಬಹುದೆಂಬುದು ಅಷ್ಟೇನೂ ಹೊಸದಾಗಿ ಕಾಣಬೇಕಾಗಿಲ್ಲ. ನಮ್ಮ ಆಂಪ್ಲಿಫಾಯರಿನ ಬೆನ್ನಿನಲ್ಲಿಯೂ ಅಂಥದೇ ಕಿಂಡಿಯಿತ್ತು, ಮುಚ್ಚಿಯೇ ಇತ್ತು.

ಕೇಬಲ್ಲು ತಂದೆ, ಸಿಕ್ಕಿಸಿದೆ. ಧ್ವನಿಯಿಲ್ಲ. ತೆಗೆದು ತಿರುಗಿಸಿ ಸಿಕ್ಕಿಸಿದೆ. ಇಲ್ಲ. ಎರಡು ತಾಸು ಹೆಣಗಿದೆ. ಕೊನೆಗೆ ಪಕ್ಕದ ಮನೆಯ ಐದನೆಯ ಇಯತ್ತೆಯ ಹುಡುಗಿ ಬಂದು, “ಕಾಕಾ, ಇದರ ತುದಿಗೆ ಟೊಪ್ಪಿಗಿ ಹಂಗ ಐತಲ್ಲ” ಎಂದಳು. ಎಳೆಯ ತುದಿ ಸವೆಯದಿರಲೆಂದು ಹಾಕಿದ ಪಾರದರ್ಶಕ ಟೊಪ್ಪಿಗೆ. ಕನ್ನಡಕ ಹಣೆಯ ಮೇಲಿಟ್ಟುಕೊಂಡು ಮನೆಯೆಲ್ಲ ಹುಡುಕಿದಂತಾಯಿತು ನನ್ನ ಪಾಂಡಿತ್ಯ.

ಟೊಪ್ಪಿಗೆ ತೆಗೆದ ಮೇಲೆ ಧ್ವನಿ ಬಂದಿತು, ಆದರೆ ಎರಡೇ ಪೆಟ್ಟಿಗೆಗಳಲ್ಲಿ. ಡಿಶ್ ಪೆಟ್ಟಿಗೆಯ ಒಳಗೊಂದು ಆಯ್ಕೆಯ ಪಟ್ಟಿಯಿರುತ್ತದೆ. ಅದರಲ್ಲಿ ಧ್ವನಿಯ ವಿಭಾಗಕ್ಕೆ ಹೋದರೆ ‘ಪಿ.ಸಿ.ಎಂ.’ ಎಂದೂ ‘ಡಾಲ್ಬಿ ಡಿಜಿಟಲ್’ ಎಂದೂ ಎರಡು ಹೆಸರು. ಮೊದಲನೆಯದೆಂದರೆ ಪೆಟ್ಟಿಗೆಯೇ ಕಟ್ಟು ಬಿಚ್ಚಿ, ಆರನ್ನೂ ಎರಡಕ್ಕೆ ಕಲಸಿ ಕಳಿಸುತ್ತದೆ. ಎರಡನೆಯದೆಂದರೆ ಕಟ್ಟು ಬಿಚ್ಚದೆ ಹಾಗೆಯೇ ಆಂಪ್ಲಿಫಾಯರಿಗೆ ದಾಟಿಸುತ್ತದೆ. ಬಿಚ್ಚುವ ಕೆಲಸ ಆಂಪ್ಲಿಫಾಯರಿನದು. ಅದನ್ನು ಬದಲಿಸಿದೊಡನೆ ಆಂಪ್ಲಿಫಾಯರಿನ ಮೋರೆಯ ಮೇಲೆ ಡಾಲ್ಬಿಯ ಗುರುತು ಮೂಡಿತು. ಕ್ರಿಕೆಟ್ಟಿನ ಆಟ ನಡೆದಿತ್ತು. ಜನರ ಗದ್ದಲ ಹಿಂದಕ್ಕೆ ಸರಿಯಿತು, ವಿವರಣೆಯವನ ಮಾತು ನಡುವಿನ ಪೆಟ್ಟಿಗೆಯೊಂದರಿಂದಲೇ ಬರತೊಡಗಿತು.

ನಾನು ಹೇಳಬೇಕೆಂದದ್ದು ಈ ನಡುವಿನ ಪೆಟ್ಟಿಗೆಯ ಸುದ್ದಿಯನ್ನು. ಆರು ಕಾಲುವೆಯ ಧ್ವನಿಯಲ್ಲಿ ಪಾತ್ರಗಳ ಮಾತೆಲ್ಲ ಬಹುಮಟ್ಟಿಗೆ ನಡುವಿನ ಕಾಲುವೆಯಲ್ಲಿರುತ್ತದೆ. ಮಾತು ಒಂದು ಕಡೆ, ಗದ್ದಲ ಇನ್ನೊಂದು ಕಡೆ. ಹೀಗೆ ಬೇರೆಯಾಗಿ ಬಂದದ್ದರಿಂದ ಮಾತೊಂದನ್ನೇ ಏರಿಸಲಿಕ್ಕೆ ಬರುತ್ತದೆ. ಆಂಪ್ಲಿಫಾಯರಿನ ಪಟ್ಟಿಯಲ್ಲಿ ನಡುವಿನ ಪೆಟ್ಟಿಗೆಗೆಂದೇ ಏರಿಳಿತದ ಅಂಕೆಯಿರುತ್ತದೆ. ನಾನು ಅದನ್ನು ನಾಲ್ಕು ಡೆಸಿಬಲ್ ಏರಿಸಿ, ಹಿಂದಿನ ಎರಡನ್ನು ಅಷ್ಟೇ ಇಳಿಸಿ, ಬಾಗಿಲ ಮೇಲಿನ ಪೆಟ್ಟಿಗೆಯನ್ನು ಕೆಳಗಿಳಿಸಿ ಟಿ.ವಿ.ಯ ಅಡಿಗೆ, ಕುಳಿತವನ ಕಿವಿಯ ಮಟ್ಟಕ್ಕೆ ಮುಖ ಮಾಡಿ ಇಟ್ಟೆ. ಜಗತ್ತಿನವರು ಸರೌಂಡ್ ಧ್ವನಿಯನ್ನು ಕೊಂಡಾಡುವುದು ತಲೆಯ ಹಿಂದೆ ಹಾರುವ ವಿಮಾನಕ್ಕಾಗಿ. ನನ್ನ ಅಭಿಪ್ರಾಯದಲ್ಲಿ ಬನಹಟ್ಟಿಯಂಥ ಊರಿಗೆ ಅದರ ಉಪಯೋಗ ಈ ಒಂದೇ: ಮಾತನ್ನು ಗದ್ದಲದಿಂದ ಬಿಡಿಸಿ ಕೈಗೆ ಕೊಡುತ್ತದೆ. ವಿಮಾನ ಹಾರಲಿ ಬಿಡಲಿ.

ಫ್ರೀ ಡಿಶ್ಶಿನವರು ಇದನ್ನೋದಿ ನಿರಾಶರಾಗಬೇಕಾಗಿಲ್ಲ. ಎರಡು ಕಾಲುವೆಯ ಧ್ವನಿಯಲ್ಲಿಯೂ ಮಾತು ಎಡಕ್ಕೂ ಬಲಕ್ಕೂ ಸಮನಾಗಿಯೇ ಇರುತ್ತದೆ. ಸಮನಾಗಿರುವುದನ್ನು ಹೆಕ್ಕಿ ನಡುವಿನ ಪೆಟ್ಟಿಗೆಗೆ ಕಳಿಸುವ ‘ಪ್ರೊ ಲಾಜಿಕ್’ ಎಂಬ ಯುಕ್ತಿ 1987ರಿಂದಲೂ ಆಂಪ್ಲಿಫಾಯರುಗಳಲ್ಲಿದೆ. ಅದಕ್ಕೆ ಹಳೆಯ ಕೆಂಪು-ಬಿಳಿ ವಾಯರೇ ಸಾಕು. ಬೆಳಕಿನ ಎಳೆ ಬೇಡ, ಹೊಸ ಖರ್ಚು ಬೇಡ. ಅಂದರೆ ಅಂಗಡಿಯವನು ಕೇಳಬೇಕಾದದ್ದು, ನಿಮ್ಮದು ಯಾವ ತಾಟು, ನಿಮ್ಮ ಆಂಪ್ಲಿಫಾಯರಿಗೆ ಕಟ್ಟು ಬಿಚ್ಚುವ ವಿದ್ಯೆ ಗೊತ್ತಿದೆಯೇ, ಇಷ್ಟೇ. ಇದನ್ನು ಕೇಳದೆ ಮಾರಿದವನು ಅರಿವೆಯ ಅಗಲ ಕೇಳದೆ ಅಂಗಿ ಹೊಲಿದವನಿಗೆ ಸಮಾನ. ಪೇಟೆಯಲ್ಲಿ ಅಗ್ಗಕ್ಕೆ ಸಿಗುವ ಐದು ಪೆಟ್ಟಿಗೆಗಳ ಜೋಡಿಗಳಲ್ಲಿ ಎಷ್ಟೋ ಇಂಥ ವಿದ್ಯೆಯಿಲ್ಲದವು. ಕೆಲವರು ಇನ್ನೂರು-ಮುನ್ನೂರು ರೂಪಾಯಿಯ ಪುಟ್ಟ ಡಬ್ಬಿಯೊಂದನ್ನು ನಡುವೆ ಇಟ್ಟು ಬೆಳಕನ್ನು ಕೆಂಪು-ಬಿಳಿ ವಾಯರಿಗೆ ಇಳಿಸಿಕೊಳ್ಳುತ್ತಾರೆ. ಅಂಥ ಡಬ್ಬಿಗಳಲ್ಲಿ ಬಹಳಷ್ಟಕ್ಕೆ ಪಿ.ಸಿ.ಎಂ. ಮಾತ್ರ ತಿಳಿಯುತ್ತದೆ, ಡಾಲ್ಬಿಯ ಕಟ್ಟು ಕೊಟ್ಟರೆ ಮೌನ, ಇಲ್ಲವೆ ಹಂಚಿನ ಮೇಲೆ ಮಳೆ ಬಿದ್ದಂಥ ಸದ್ದು. ಡಬ್ಬಿ ಕೆಟ್ಟಿತೆಂದು ಅದನ್ನು ತಿಪ್ಪೆಗೆ ಎಸೆದವರನ್ನು ನಾನು ಬಲ್ಲೆ. ಅದು ಕೆಟ್ಟಿರಲಿಲ್ಲ.

ಇನ್ನೊಂದು ಸಣ್ಣ ಮಾತು. ಹೊಸ ಟಿ.ವಿ.ಗಳು ಚಿತ್ರವನ್ನು ತಿದ್ದಿ ತೀಡಿ ತೋರಿಸುವುದರಲ್ಲಿ ತುಸು ತಡಮಾಡುತ್ತವೆ. ಆಂಪ್ಲಿಫಾಯರಿಗೆ ನೇರವಾಗಿ ಹೋದ ಧ್ವನಿ ಆ ತನಕ ಕಾಯುವುದಿಲ್ಲ. ಹೀಗಾಗಿ ತುಟಿ ಅಲುಗುವ ಮೊದಲೇ ಮಾತು ಕೇಳಿಸುತ್ತದೆ. ಕಿವಿ ಮಂದವಾದವರು ತಮಗೆ ಅರಿವಿಲ್ಲದೆಯೇ ತುಟಿಯನ್ನು ಓದುತ್ತಿರುತ್ತಾರೆ. ತುಟಿ-ಮಾತುಗಳ ಹೊಂದಿಕೆ ತಪ್ಪಿದರೆ ಅವರಿಗೆ ಉಳಿದ ಆಸರೆಯೂ ಹೋಯಿತು. ಆಂಪ್ಲಿಫಾಯರಿನಲ್ಲಿ ಧ್ವನಿಯನ್ನು ತಡೆದು ಬಿಡುವ ಅಂಕೆಯೂ ಇರುತ್ತದೆ. ಅದನ್ನು ಮುಟ್ಟಿ ನೋಡಿದ ಮನೆ ನಮ್ಮ ಓಣಿಯಲ್ಲಿ ಒಂದೂ ಇರಲಿಲ್ಲ.

ಈ ಬಗೆಗೆ ನನ್ನ ಗೆಳೆಯನೊಬ್ಬ ಜಗಳಕ್ಕೇ ನಿಂತ. ಮನೆಯಲ್ಲಿ ಸಿನೆಮಾದ ಸುಖ ಬೇಕೆಂದು ಹುಡುಗರು ಹಣ ಕೂಡಿಸಿ ತಂದರೆ ಅದನ್ನು ಮುದುಕರ ಶ್ರವಣಯಂತ್ರ ಮಾಡಿಬಿಟ್ಟೆಯಲ್ಲ ಎಂದು ಅವನ ಆಕ್ಷೇಪ. ಅದರಲ್ಲಿ ತಥ್ಯವಿಲ್ಲದಿಲ್ಲ. ಅಡವಿಯ ಮಳೆ ಸುತ್ತಲೂ ಸುರಿಯುವ ಒಂದು ದೃಶ್ಯವನ್ನು ಅವನ ಮನೆಯಲ್ಲಿ ಕೇಳಿದಾಗ ನನ್ನ ಮೈಯೂ ಜುಮ್ಮೆಂದಿತು. ಆದರೆ ಅವನಿಗೆ ನಾನು ಒಂದು ಕಥೆ ಹೇಳಿದೆ. ಇಂಗ್ಲೆಂಡಿನ ಅಲನ್ ಬ್ಲಮ್‌ಲೈನ್ ಎಂಬ ಇಂಜಿನಿಯರನು 1931ರಲ್ಲಿ ಹೆಂಡತಿಯ ಕೂಡ ಸಿನೆಮಾಕ್ಕೆ ಹೋಗಿದ್ದನಂತೆ. ನಟ ಪರದೆಯ ಒಂದು ಮಗ್ಗುಲಿಗೆ ನಡೆದರೆ ಅವನ ಮಾತು ಇನ್ನೊಂದು ಮಗ್ಗುಲಿನಿಂದ ಬರುತ್ತಿತ್ತು. ಇದು ಎಷ್ಟು ಗೊಂದಲ ಎಂದು ಅವನಿಗೆ ಹೊಳೆಯಿತಂತೆ. ಅದೇ ವರ್ಷದ ಡಿಸೆಂಬರದಲ್ಲಿ ಅವನು ಎರಡು ಕಾಲುವೆಯ ಧ್ವನಿಗೆ ಪೇಟೆಂಟು ಕೇಳಿದ. ಇಂದಿನ ನಮ್ಮ ಐದು ಪೆಟ್ಟಿಗೆಗಳ ಪಿತಾಮಹನೆಂದರೆ ಆ ಎರಡು ಕಾಲುವೆಗಳೇ. ಮೊಟ್ಟಮೊದಲು ಇದು ಹುಟ್ಟಿದ್ದು ನಟನ ಮಾತು ನಟನ ಬಾಯಿಂದಲೇ ಬರಲೆಂದು; ಗುಡುಗಿಗಾಗಿ ಅಲ್ಲ. ಗೆಳೆಯ ಸುಮ್ಮನಾಗಲಿಲ್ಲ, ಅವನು ಸುಮ್ಮನಾಗುವ ಪೈಕಿಯವನಲ್ಲ.

ನಮ್ಮ ಹಿರಿಯರಿಗೆ ಧ್ವನಿವರ್ಧಕ ಹೊಸದಲ್ಲ. ಈ ಸೀಮೆಯಲ್ಲಿ ಶ್ರೀಕೃಷ್ಣ ಪಾರಿಜಾತದ ಆಟಗಳು ರಾತ್ರಿಯಿಡೀ ನಡೆಯುತ್ತಿದ್ದವು, ಈಗಲೂ ಅಲ್ಲಲ್ಲಿ ನಡೆಯುತ್ತವೆ. ಕೌಜಲಗಿ ನಿಂಗಮ್ಮನವರ ಹೆಸರು ಹೇಳಿದರೆ ಮುಪ್ಪಿನವರ ಕಣ್ಣು ಇಂದಿಗೂ ಅರಳುತ್ತದೆ. ಅಟ್ಟದ ಮೇಲೆ ಇಳಿಬಿಟ್ಟ ಒಂದು ಮೈಕು, ಬೇವಿನ ಮರಕ್ಕೆ ಕಟ್ಟಿದ ಒಂದು ತುತ್ತೂರಿ. ಕೊರವಂಜಿಯ ಮಾತಾಗಲಿ ದೂತಿಯ ಕೊಂಕಾಗಲಿ ಕಡೆಯ ಸಾಲಿನವನಿಗೆ ತಪ್ಪುತ್ತಿರಲಿಲ್ಲ. ತುತ್ತೂರಿ ಒಳ್ಳೆಯದೆಂದು ನಾನು ಹೇಳುತ್ತಿಲ್ಲ. ಅದರ ಧ್ವನಿ ಮೂಗಿನಿಂದ ಬಂದಂತಿರುತ್ತಿತ್ತು. ಆದರೆ ಅದು ಗುಡುಗನ್ನು ಒಯ್ಯಲಾರದು, ಮಾತನ್ನಷ್ಟೇ ಒಯ್ಯಬಲ್ಲದು. ಅದರ ಬಡತನವೇ ಕೇಳುವವನಿಗೆ ಉಪಕಾರವಾಯಿತು. ಗದಗಿನ ಹುಡುಗ ಭೀಮಸೇನ ಜೋಶಿಯವರ ಮನಸ್ಸು ಅಬ್ದುಲ್ ಕರೀಂ ಖಾನರ ಗಾಯನಕ್ಕೆ ಸೋತದ್ದು ಒಂದು ಗ್ರಾಮಫೋನು ತಟ್ಟೆಯಿಂದ. ಅದಕ್ಕೂ ಒಂದೇ ಬಾಯಿ. ಈಗಿನ ಜಾತ್ರೆಗಳಲ್ಲಿ ಟ್ರ್ಯಾಕ್ಟರಿನ ಮೇಲೆ ಪೇರಿಸಿದ ಪೆಟ್ಟಿಗೆಗಳ ಮುಂದೆ ನಿಂತರೆ ಎದೆ ಬಡಿದುಕೊಳ್ಳುತ್ತದೆ, ಹಾಡಿನ ಒಂದು ಶಬ್ದ ತಿಳಿಯುವುದಿಲ್ಲ. ಮಗ್ಗದ ಸಪ್ಪಳಕ್ಕೆ ಹೊಟ್ಟೆಪಾಡಿನ ಕಾರಣವಾದರೂ ಇದೆ.

ಒಂದನ್ನು ಮುಚ್ಚಿಡಬಾರದು. ನಡುವಿನ ಪೆಟ್ಟಿಗೆ ಕಿವಿಗೆ ಔಷಧವಲ್ಲ. ಮುತ್ಯಾನಿಗೆ ಬೇಕಾದದ್ದು ಕಿವಿಯ ತಪಾಸಣೆ. ಅವನ ಮಗ್ಗದ ಮುಂದೆ ಈಗ ನಿಂತಿರುವ ನಮ್ಮ ಕಾಕಾನಿಗೆ ಬೇಕಾದದ್ದು ಕಿವಿಗೆ ಹಾಕಿಕೊಳ್ಳುವ ಬೂಚು. ತಪಾಸಣೆಗೆ ಹೋಗೋಣವೆಂದರೆ ಮುತ್ಯಾ, “ನನಗೇನಾಗೇದೋ, ಟಿ.ವಿ.ಯವ್ರ ಬಾಯಿ ಸುದ್ದಿಲ್ಲ” ಎನ್ನುತ್ತಾನೆ. ಬೂಚು ತಂದುಕೊಟ್ಟರೆ ಕಾಕಾ ಅದನ್ನು ಗೂಟಕ್ಕೆ ತೂಗುಹಾಕಿದ್ದಾನೆ. ಎಳೆ ಕಡಿದ ಸಪ್ಪಳ ಕೇಳಿಸುವುದಿಲ್ಲವೆಂದು ಅವನ ವಾದ. ಆ ವಾದಕ್ಕೆ ನನ್ನಲ್ಲಿ ಸರಿಯಾದ ಉತ್ತರವಿಲ್ಲ. ಅವನು ಕಿವಿಯಿಂದಲೇ ನೇಯುವವನು.

ನಮ್ಮ ಕೈಯಲ್ಲಿ ಆಗುವ ಕೆಲಸವೊಂದಿದೆ. ಈ ಪೆಟ್ಟಿಗೆಗಳ ಜೊತೆಗೆ ಬರುವ ಪುಸ್ತಿಕೆಗಳು ಇಂಗ್ಲೀಷಿನಲ್ಲಿರುತ್ತವೆ, ಅಕ್ಷರಗಳೋ ಸಾಸಿವೆಯಷ್ಟು. ಬೆನ್ನಿನ ತೂತುಗಳ ಹೆಸರುಗಳಂತೂ ಕಪ್ಪು ತಗಡಿನ ಮೇಲೆ ಬೂದು ಬಣ್ಣದಲ್ಲಿ. ಕನ್ನಡದಲ್ಲಿ ಒಂದು ಹಾಳೆ, ಒಂದೇ ಹಾಳೆ, ಚಿತ್ರ ಬರೆದು, ಯಾವ ತಾಟಿಗೆ ಯಾವ ವಾಯರು, ಪಟ್ಟಿಯಲ್ಲಿ ಯಾವುದನ್ನು ಆರಿಸಬೇಕು, ನಡುವಿನ ಪೆಟ್ಟಿಗೆಯನ್ನು ಎಲ್ಲಿಡಬೇಕು, ತುದಿಯ ಟೊಪ್ಪಿಗೆ ತೆಗೆಯಬೇಕು ಎಂಬಷ್ಟನ್ನು ಅಚ್ಚು ಹಾಕಿಸಿ ಅಂಗಡಿಗಳಲ್ಲಿ ಇಡಲು ನಮ್ಮ ಕಾಲೇಜಿನ ಕನ್ನಡ ಸಂಘಕ್ಕೆ ಏನೂ ಕಷ್ಟವಾಗಲಾರದು. ನಾವು ಪ್ರತಿವರ್ಷ ರಾಜ್ಯೋತ್ಸವಕ್ಕೆ ಖರ್ಚು ಮಾಡುವ ಹೂವಿನ ಹಾರಗಳ ಹಣದಲ್ಲಿ ಅರ್ಧ ಸಾಕು. ಈ ಸಲಹೆಯನ್ನು ಸಂಘದ ಸಭೆಯಲ್ಲಿ ಇಟ್ಟಾಗ ಕೆಲವರು ನಕ್ಕರು. ಸಾಹಿತ್ಯ ಸಂಘ ವಾಯರಿನ ಅಂಗಡಿಯೇ ಎಂದರು. ಅದಕ್ಕೆಂದೇ ಈ ಲೇಖನವನ್ನು ವಾರ್ಷಿಕ ಸಂಚಿಕೆಗೆ ಕೊಟ್ಟಿದ್ದೇನೆ. ಮುಂದಿನ ಸಭೆಯಲ್ಲಿ ಹಾಳೆಯ ಕರಡನ್ನೇ ಒಯ್ಯುತ್ತೇನೆ.

ಕರಡು ಸಿದ್ಧವಾಗಿದೆ. ಅದನ್ನು ಮೊನ್ನೆ ಸಂಜೆ ಮುತ್ಯಾನ ಮುಂದೆ ಓದಿದೆ. ನಡುವಿನ ಪೆಟ್ಟಿಗೆಯಿಂದ ವಾರ್ತೆ ನಡೆದಿತ್ತು. ಅವನು ಕೈಯೆತ್ತಿ, “ತಡಿಯೋ, ಅವ ಹೇಳೂದು ಮುಗೀಲಿ” ಎಂದ.